ಕೊಸರು

ಕೆಲವು ಮಾತುಗಳು ಸಂತೆಯಲ್ಲೇ ಬೆಳೆದು, ಸಂತೆಯನ್ನು ಬಿಟ್ಟರೆ ಬದುಕಲಾರವು. ಬೋಣಿ, ಗುಡ್ಡೆ, ಚೌಕಾಸಿ, ಕೊಸರು ಇವೆಲ್ಲ ಆ ಗುಂಪಿನವು. ಇವುಗಳಲ್ಲಿ ನನಗೆ ಬಹು ಪ್ರಿಯವಾದದ್ದು ಕೊಸರು. ತೂಕ ಮುಗಿಯಿತು, ದುಡ್ಡು ಕೈಸೇರಿತು, ವ್ಯವಹಾರ ತೀರಿತು ಎನ್ನುವಾಗ ಮಾರುವವಳು ತಾನಾಗಿಯೇ ನಿಮ್ಮ ಚೀಲಕ್ಕೆ ಇನ್ನೆರಡು ಬದನೆಕಾಯಿಯನ್ನೋ ಒಂದು ಹಿಡಿ ಅವರೆಕಾಯಿಯನ್ನೋ ಹಾಕುತ್ತಾಳಲ್ಲ, ಅದು ಕೊಸರು. ನಿಘಂಟಿನಲ್ಲಿ ಇದರ ಮಗ್ಗುಲಲ್ಲೇ ಇನ್ನೊಂದು ಕೊಸರು ಇದೆ, ಅದು ಕ್ರಿಯಾಪದ. ಹಿಡಿದವರ ಹಿಡಿತದಿಂದ ಬಿಡಿಸಿಕೊಳ್ಳಲು ಎಳೆದಾಡುವುದು ಎಂದು ಅದರ ಅರ್ಥ. ಈ ಎರಡಕ್ಕೂ ನೆಂಟಸ್ತಿಕೆ ಉಂಟೋ ಇಲ್ಲವೋ ಎಂಬುದನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣ. ನಾಲ್ಕು ವಾರ ಸಂತೆಯಲ್ಲಿ ತಕ್ಕಡಿಯ ಹಿಂದೆ ಕುಳಿತು ಬಂದ ನನಗಂತೂ ಅವು ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಕನ್ನಡ ಅಧ್ಯಾಪಕನಿಗೂ ತಕ್ಕಡಿಗೂ ಏನು ಸಂಬಂಧವೆಂದು ನೀವು ಕೇಳುವುದು ಸಹಜ. ನನ್ನದು ಹೊಸದುರ್ಗ ತಾಲ್ಲೂಕಿನ ಮತ್ತೋಡು ಹೋಬಳಿಯ ಒಂದು ಹಳ್ಳಿ. ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ಮನೆಯ ಒಂದೂವರೆ ಎಕರೆ ತೆಂಗಿನ ತೋಟವನ್ನೂ ಅದರ ಅಂಚಿನ ತರಕಾರಿ ಮಡಿಗಳನ್ನೂ ಅತ್ತಿಗೆಯೇ ನೋಡಿಕೊಳ್ಳುತ್ತಿದ್ದಾರೆ. ಅವರಿಗೀಗ ಐವತ್ತೆಂಟು. ಅಣ್ಣನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತಾಯಿ ಪ್ರತಿ ವಾರ ನಸುಕಿನಲ್ಲೆದ್ದು ಮೂಟೆ ಕಟ್ಟಿ ಸಂತೆಗೆ ಹೋಗಿ ಬಿಸಿಲಿನಲ್ಲಿ ಕೂರುವುದು ಅವನಿಗೆ ಸಂಕಟ. ಒಬ್ಬ ವ್ಯಾಪಾರಿ ತೋಟದ ಬಾಗಿಲಿಗೇ ಗಾಡಿ ತಂದು ಇದ್ದ ತರಕಾರಿಯನ್ನೆಲ್ಲ ತೂಗಿಸಿಕೊಂಡು ಹೋಗಲು ಸಿದ್ಧನಿದ್ದಾನೆ. ಹಾಗಿರುವಾಗ ಸಂತೆ ಏಕೆ ಎಂದು ಅವನ ವಾದ. "ಸಂತೆ ಬಿಟ್ಟರೆ ತೋಟವನ್ನೂ ಬಿಟ್ಟ ಹಾಗೆ ಕಣಪ್ಪಾ" ಎಂದು ತಾಯಿಯ ಉತ್ತರ. ಇಬ್ಬರೂ ಒಪ್ಪದೆ, ಓದಿದವನೆಂಬ ಒಂದೇ ಕಾರಣಕ್ಕೆ ನನ್ನನ್ನು ಮಧ್ಯಸ್ಥನನ್ನಾಗಿ ಮಾಡಿದರು. ಕಾವ್ಯಮೀಮಾಂಸೆ ಓದಿದವನಿಗೆ ಬದನೆಕಾಯಿಯ ಮೀಮಾಂಸೆಯೂ ಬರುತ್ತದೆಂದು ಅವರ ನಂಬಿಕೆ ಇದ್ದಿರಬೇಕು. ಕಣ್ಣಾರೆ ಕಾಣದೆ ತೀರ್ಪು ಹೇಳುವುದು ನ್ಯಾಯವಲ್ಲವೆಂದು, ಪರೀಕ್ಷೆ ಮುಗಿದು ಮುಂದಿನ ಸೆಮಿಸ್ಟರು ಶುರುವಾಗುವವರೆಗಿನ ಬಿಡುವಿನಲ್ಲಿ ನಾಲ್ಕು ಸಂತೆಗಳಿಗೆ ಅತ್ತಿಗೆಯ ಜೊತೆ ಹೋಗಿ ಕುಳಿತೆ.

ಸಂತೆ ಎಂದರೆ ಪೇಟೆಯ ಜನ ಗದ್ದಲವೆಂದು ತಿಳಿದಿದ್ದಾರೆ. ಮಕ್ಕಳು ಗಲಾಟೆ ಮಾಡಿದರೆ "ಇದೇನು ಸಂತೆಯೆ?" ಎಂದು ನಾವು ಮೇಷ್ಟ್ರುಗಳು ಗದರುವುದುಂಟು. ಆದರೆ ಸಂತೆಯಷ್ಟು ಶಿಸ್ತಿನ ಜಾಗವನ್ನು ನಾನು ಕಂಡಿಲ್ಲ. ಅಲ್ಲಿ ಗೆರೆ ಎಳೆದಿಲ್ಲ, ಸಂಖ್ಯೆ ಬರೆದಿಲ್ಲ. ಆದರೂ ಯಾರ ಗೋಣಿ ಎಲ್ಲಿ ಹಾಸಬೇಕೆಂಬುದು ಎಲ್ಲರಿಗೂ ಗೊತ್ತು. ಬೇವಿನ ಮರದ ಬುಡದಿಂದ ಮೂರನೆಯ ಜಾಗ ನಮ್ಮ ಮನೆಯದು. ಅದರಲ್ಲಿ ಮೊದಲು ಕುಳಿತವರು ನನ್ನ ತಾಯಿ, ಅನಂತರ ಅತ್ತಿಗೆ. ಎಡಕ್ಕೆ ಮೆಣಸಿನಕಾಯಿಯವರು, ಬಲಕ್ಕೆ ಸೊಪ್ಪಿನವರು. ಒಂದೆರಡು ವಾರ ಬಾರದಿದ್ದರೆ ಆ ಜಾಗದಲ್ಲಿ ಬೇರೆಯವರು ಕೂರಬಹುದು. ಮರಳಿ ಬಂದೊಡನೆ ಮಾತಿಲ್ಲದೆ ಎದ್ದುಕೊಡುತ್ತಾರೆ. ಎರಡು ಮೂರು ತಿಂಗಳು ಬಾರದಿದ್ದರೆ ಜಾಗ ಹೋಯಿತು. ಯಾವ ಕಚೇರಿಯಲ್ಲೂ ದಾಖಲಾಗದ ಈ ಹಕ್ಕಿಗೆ ಪ್ರತಿ ವಾರ ಬಂದು ಕುಳಿತುಕೊಳ್ಳುವುದೊಂದೇ ಪತ್ರ. ಅತ್ತಿಗೆಗೆ ಜ್ವರ ಬಂದರೂ ಸಂತೆಯ ಚಿಂತೆ ಬಿಡದಿರುವುದು ಏಕೆಂದು ನನಗೆ ಮೊದಲ ದಿನವೇ ಅರ್ಥವಾಯಿತು.

ನಮ್ಮ ನಾಡಿನ ಸಂತೆಗಳು ನಿನ್ನೆ ಮೊನ್ನೆಯವಲ್ಲ. ಶಾಸನಗಳಲ್ಲಿ ಸಂತೆಗಳನ್ನು ನೆಲೆಗೊಳಿಸಿದ, ಸಂತೆಯ ಸುಂಕವನ್ನು ದೇವಾಲಯಕ್ಕೆ ಬಿಟ್ಟುಕೊಟ್ಟ ಉಲ್ಲೇಖಗಳಿವೆ. ಸಂತೆಯನ್ನು ನಡೆಸಿಕೊಂಡು ಬಂದ ಪಟ್ಟಣಸ್ವಾಮಿಗಳ ಹೆಸರುಗಳಿವೆ. ಊರುಗಳೇ ಸಂತೆಯ ಹೆಸರು ಹೊತ್ತು ನಿಂತಿವೆ: ಸಂತೇಬೆನ್ನೂರು, ಸಂತೆಮರಹಳ್ಳಿ, ಸಂತೇಶಿವರ. ಸಂತೆ ಇದ್ದಲ್ಲಿ ಸುಂಕವೂ ಇದ್ದೇ ಇರುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೇ ಇದ್ದಾನೆ. ಸುಂಕ ವಸೂಲಿಯೇ ಅವನ ಕಾಯಕ. ಇಂದಿನ ಹಳ್ಳಿಯ ಸಂತೆಗಳಲ್ಲಿ ಸುಂಕ ಎತ್ತುವ ಹಕ್ಕನ್ನು ಸಾಮಾನ್ಯವಾಗಿ ಪಂಚಾಯಿತಿ ವರ್ಷಕ್ಕೊಮ್ಮೆ ಹರಾಜು ಹಾಕುತ್ತದೆ. ಹರಾಜು ಹಿಡಿದವನ ಆಳು ಚೀಟಿಪುಸ್ತಕ ಹಿಡಿದು ನಮ್ಮ ಮುಂದೆಯೂ ಬಂದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆ ನನಗೆ ಗೊತ್ತು. ಆದರೆ ಅತ್ತಿಗೆ ಹೇಳಿಕೊಂಡರು. ಅವನೂ ತನ್ನ ಮಗಳ ಮದುವೆಯ ಕಷ್ಟವನ್ನು ಹೇಳಿಕೊಂಡ. ಸುಂಕವೇನೂ ಕಡಿಮೆಯಾಗಲಿಲ್ಲ. ಆದರೆ ಹೋಗುವಾಗ ಅವನ ಕೈಯಲ್ಲೊಂದು ಹಿಡಿ ಕರಿಬೇವು ಇತ್ತು.

ನನ್ನ ಪಾಡು ಹೇಳುವುದಾದರೆ, ನೂರು ಹುಡುಗರ ತರಗತಿಯಲ್ಲಿ ಮುಕ್ಕಾಲು ಗಂಟೆ ಧ್ವನಿವರ್ಧಕವಿಲ್ಲದೆ ಮಾತನಾಡುವ ಗಂಟಲು "ಬದನೇಕಾಯ್, ಕಿಲೋ ಮೂವತ್ತು!" ಎಂಬ ಎರಡು ಮಾತು ಕೂಗಲು ಒಪ್ಪಲಿಲ್ಲ. ಪದವಿಯ ಭಾರ ಗಂಟಲಲ್ಲೇ ಕುಳಿತಿರುತ್ತದೆಂಬುದು ಅಂದು ಗೊತ್ತಾಯಿತು. ಪಕ್ಕದ ಸೊಪ್ಪಿನ ಹೆಂಗಸು ನನ್ನ ಅವಸ್ಥೆ ಕಂಡು, ತನ್ನ ಮೆಂತ್ಯದ ಜೊತೆಗೆ ನಮ್ಮ ಬದನೆಯನ್ನೂ ಸೇರಿಸಿ ಕೂಗಿಬಿಟ್ಟಳು. ಎರಡನೆಯ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಿಗೇ ಬಂದು ನಿಂತ. "ಸಾರ್, ನೀವಾ?" ಎಂದ. ನಾನೇ ಎಂದೆ. ಪಾಪ, ಅವನಿಗೆ ಅವರೆಕಾಯಿ ಬೇಕಿತ್ತು. ಮೇಷ್ಟ್ರ ಹತ್ತಿರ ಚೌಕಾಸಿ ಮಾಡುವುದು ಹೇಗೆ? ಹೇಳಿದ ಬೆಲೆಯನ್ನು ತೆತ್ತ. ಅತ್ತಿಗೆ ಅವನ ಚೀಲಕ್ಕೆ ಎರಡು ಹಿಡಿ ಕೊಸರು ಹಾಕಿದರು. "ಎಲ್ಲರಿಗೂ ಒಂದು ಹಿಡಿ, ಅವನಿಗೇಕೆ ಎರಡು?" ಎಂದು ನಾನು ಕೇಳಿದ್ದಕ್ಕೆ, "ಚೌಕಾಸಿ ಮಾಡದವನಿಗೆ ಮೋಸ ಆಗಬಾರದಲ್ಲ" ಎಂದರು.

ಅಲ್ಲಿಂದ ಮುಂದೆ ನಾನು ಅವರ ಕೈಯನ್ನು ಗಮನಿಸತೊಡಗಿದೆ. ಇಪ್ಪತ್ತು ರೂಪಾಯಿ ಗುಡ್ಡೆಯನ್ನು ಹದಿನೈದಕ್ಕೆ ಕೇಳಿದರೆ ಅವರು ಒಪ್ಪುವುದಿಲ್ಲ. ಹದಿನೆಂಟಕ್ಕೂ ಒಪ್ಪುವುದಿಲ್ಲ. ಇಪ್ಪತ್ತನ್ನೇ ತೆಗೆದುಕೊಂಡು, ಐದು ರೂಪಾಯಿ ಬೆಲೆಯ ಕಾಯನ್ನು ಕೊಸರಾಗಿ ಹಾಕಿಬಿಡುತ್ತಾರೆ. ಲೆಕ್ಕಕ್ಕೆ ಎರಡೂ ಒಂದೇ ಅಲ್ಲವೆ? ನಾನು ಹಾಗೆಂದೇ ಕೇಳಿದೆ. "ಬೆಲೆ ಇಳಿಸಿದರೆ ಮುಂದಿನ ವಾರ ಅಲ್ಲಿಂದಲೇ ಶುರು ಮಾಡುತ್ತಾರೆ. ಕೊಸರು ಹಾಕಿದರೆ ಮುಂದಿನ ವಾರವೂ ನಮ್ಮ ಹತ್ತಿರವೇ ಬರುತ್ತಾರೆ" ಎಂದು ಅವರ ವಿವರಣೆ. ಇದರಲ್ಲಿ ಇನ್ನೂ ಒಂದು ಮಾತು ಅಡಗಿದೆ ಎಂದು ನನಗೆ ತೋರುತ್ತದೆ. ಬೆಲೆಯನ್ನು ಇಳಿಸುವುದೆಂದರೆ ಮೊದಲು ಹೇಳಿದ್ದು ಹೆಚ್ಚಾಗಿತ್ತೆಂದು ಒಪ್ಪಿದಂತೆ, ದುಡಿಮೆಯ ಬೆಲೆಯನ್ನು ಕೊಳ್ಳುವವನು ಕಟ್ಟಿದಂತೆ. ಕೊಸರಾದರೋ ಮಾರುವವಳು ಕೊಟ್ಟದ್ದು. ಮೊದಲನೆಯದರಲ್ಲಿ ಅವಳು ಸೋತಳು, ಎರಡನೆಯದರಲ್ಲಿ ದಾನಿಯಾದಳು. ಖರ್ಚು ಒಂದೇ, ಮರ್ಯಾದೆ ಬೇರೆ.

ತೂಕದ ವಿಷಯದಲ್ಲೂ ಸಂತೆಗೆ ತನ್ನದೇ ನೀತಿ. 1956ರ ಕಾಯಿದೆ ಬಂದು, 1958ರ ಅಕ್ಟೋಬರಿನಿಂದ ದೇಶದಲ್ಲಿ ಕಿಲೋಗ್ರಾಮು ಹಂತಹಂತವಾಗಿ ಜಾರಿಯಾಯಿತು. ಅತ್ತಿಗೆಯ ಮುಂದೆ ಈಗ ಇರುವುದು ಬ್ಯಾಟರಿಯ ತಕ್ಕಡಿ. ಕೆಂಪು ಅಂಕಿ ಮಿನುಗುತ್ತದೆ. ಅದರ ಪಕ್ಕದಲ್ಲಿ ಹಳೆಯ ಸೇರು ಕೂಡ ಇದೆ. ವಯಸ್ಸಾದ ಗಿರಾಕಿಗಳು ಒಣ ಅವರೆಯನ್ನು ಸೇರಿನಲ್ಲೇ ಅಳೆಸಿಕೊಳ್ಳುತ್ತಾರೆ, ಅದೂ ತಲೆಗೋಪುರ ಕಟ್ಟಿ. ಇನ್ನೊಂದು ಮಗ್ಗುಲಲ್ಲಿ, ಮೊಬೈಲಿನಿಂದ ಹಣ ಬಂದೊಡನೆ ಕನ್ನಡದಲ್ಲಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆ. ಅದನ್ನು ತಂದಿಟ್ಟವನು ಮಗ. ನನಗಿಂತ ಅದರ ಗಂಟಲು ಸಂತೆಗೆ ಚೆನ್ನಾಗಿ ಒಗ್ಗಿದೆ.

ಇನ್ನು ಲೆಕ್ಕ. ಮಧ್ಯಸ್ಥನಾದ ಮೇಲೆ ಲೆಕ್ಕ ಬಿಡುವಂತಿಲ್ಲ. ಮೂರನೆಯ ಸಂತೆಯ ದಿನ ನಾನು ಪೈಸೆ ಬಿಡದೆ ಬರೆದುಕೊಂಡೆ. ಒಟ್ಟು ವ್ಯಾಪಾರ 1,320 ರೂಪಾಯಿ. ಅದೇ ಸರಕಿಗೆ ತೋಟದ ಬಾಗಿಲಲ್ಲಿ ವ್ಯಾಪಾರಿ ಕೊಡುತ್ತಿದ್ದದ್ದು 640. ವ್ಯತ್ಯಾಸ 680. ಲಗ್ಗೇಜು ಆಟೋಗೆ 120, ಸುಂಕ 20, ಇಬ್ಬರ ತಿಂಡಿ ಕಾಫಿಗೆ 50. ಇವು ಕಳೆದರೆ 490. ಅತ್ತಿಗೆ ಆ ದಿನ ಬೇರೆಯವರ ಹೊಲಕ್ಕೆ ಹೋಗಿದ್ದರೆ 350 ರೂಪಾಯಿ ಕೂಲಿ ಬರುತ್ತಿತ್ತು. ಅದನ್ನೂ ಕಳೆದರೆ ಸಂತೆಗೆ ಹೋದ ಲಾಭ 140 ರೂಪಾಯಿ. ಈ ಅಂಕಿಯನ್ನು ಫೋನಿನಲ್ಲಿ ಹೇಳಿದಾಗ ಅಣ್ಣನ ಮಗ ಗೆದ್ದವನಂತೆ ನಕ್ಕ. "ನೂರ ನಲವತ್ತಕ್ಕೆ ಅಮ್ಮ ಹನ್ನೆರಡು ಗಂಟೆ ಬಿಸಿಲಲ್ಲಿ ಕೂರಬೇಕಾ ಚಿಕ್ಕಪ್ಪ?" ಎಂದ. ಅವನ ಮಾತಿನಲ್ಲಿ ಪ್ರೀತಿಯಿತ್ತು, ಗಣಿತವೂ ಸರಿಯಿತ್ತು. ನನ್ನ ಬಳಿ ಉತ್ತರವಿರಲಿಲ್ಲ.

ಅತ್ತಿಗೆಯ ಬಳಿ ಇತ್ತು. "ಐವತ್ತೆಂಟರ ಮುದುಕಿಗೆ ವಾರವಾರವೂ ತಪ್ಪದೆ ಮುನ್ನೂರೈವತ್ತು ಕೂಲಿ ಕೊಡುವ ಪುಣ್ಯಾತ್ಮ ಯಾರು, ಮೊದಲು ತೋರಿಸು" ಎಂದರು. ಅದು ಮೊದಲನೆಯದು. ಎರಡನೆಯದು ತೆಂಗಿನ ವಿಷಯ. ನಮ್ಮ ಸೀಮೆಯಲ್ಲಿ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟು, ಒಳಗಿನ ನೀರು ಇಂಗಿದ ಮೇಲೆ ಒಡೆದು ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿ ದೊಡ್ಡ ಮಾರುಕಟ್ಟೆಯ ಸರಕು; ತಿಪಟೂರಿನ ಹರಾಜಿನ ದರವನ್ನು ಇಡೀ ಸೀಮೆ ಕಿವಿಗೊಟ್ಟು ಕೇಳುತ್ತದೆ. ಕೇಂದ್ರ ಸರಕಾರ 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಆದರೆ ಆ ಹಣ ಬರುವುದು ಅಟ್ಟ ಇಳಿದಾಗ. ಬರುವ ಮೊದಲೇ ಅದಕ್ಕೆ ಗೊಬ್ಬರದಂಗಡಿ, ಸಹಕಾರ ಸಂಘ, ಮೋಟಾರು ರಿಪೇರಿಯವರು ಕಾದಿರುತ್ತಾರೆ. "ವರ್ಷದ ದುಡ್ಡು ಸಾಲಗಾರರದು, ವಾರದ ದುಡ್ಡು ಮನೆಯದು" ಎಂದು ಅತ್ತಿಗೆ ಹೇಳಿದ ಮಾತನ್ನು ನಾನು ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲೂ ಓದಿರಲಿಲ್ಲ.

ಮೂರನೆಯದೇ ಮುಖ್ಯವಾದದ್ದು. ಅತ್ತಿಗೆ ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆದಿಡುತ್ತಾರೆ. ಅದನ್ನು ತಿರುವಿ ಹಾಕುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ದೀಪಾವಳಿಯ ಹಿಂದುಮುಂದು ಅವರಿಗೆ ಜ್ವರ ಬಂದು ಎರಡು ವಾರ ಸಂತೆ ತಪ್ಪಿತ್ತು. ಆ ಎರಡು ವಾರವೂ ತರಕಾರಿಯನ್ನು ಬಾಗಿಲಿಗೆ ಬರುವ ವ್ಯಾಪಾರಿಗೇ ಕೊಟ್ಟಿದ್ದರು. ಅಲ್ಲಿಯವರೆಗೆ ಬದನೆಗೆ ಕಿಲೋಗೆ 12 ಕೊಡುತ್ತೇನೆ ಎನ್ನುತ್ತಿದ್ದವನು ಆ ವಾರಗಳಲ್ಲಿ ಕೊಟ್ಟದ್ದು 9. ಸಂತೆಯಲ್ಲಿ ಬೆಲೆ ಬಿದ್ದಿತ್ತೇನೋ ಎಂದು ಪಕ್ಕದ ಸೊಪ್ಪಿನವಳನ್ನು ವಿಚಾರಿಸಿದೆ. ಇಲ್ಲ, ಬದನೆ ಅದೇ ಮೂವತ್ತರ ಆಸುಪಾಸಿನಲ್ಲೇ ಇತ್ತು. ಅತ್ತಿಗೆ ಎದ್ದು ಓಡಾಡಿ ಸಂತೆಗೆ ಹೋದ ವಾರ ವ್ಯಾಪಾರಿಯ ಬೆಲೆ ಮತ್ತೆ 12ಕ್ಕೆ ಏರಿದೆ. ಜ್ವರ ಬಂದದ್ದು ಅತ್ತಿಗೆಗೆ, ಇಳಿದದ್ದು ಬೆಲೆ!

ಈಗ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡೋಣ. 12 ಹೋಗಿ 9 ಆಯಿತೆಂದರೆ ಕಾಲುಭಾಗ ಕಡಿತ. ಎಲ್ಲ ಸರಕಿಗೂ ಹಾಗೆಯೇ ಆದರೆ 640 ಎಂಬುದು 480ಕ್ಕೆ ಇಳಿಯುತ್ತದೆ. ಅಂದರೆ ವಾರಕ್ಕೆ 160 ರೂಪಾಯಿ ನಷ್ಟ. ಸಂತೆಯ ಲಾಭವೆಂದು ನಾವು ಹಿಡಿದ 140ಕ್ಕಿಂತ ಇದೇ ಹೆಚ್ಚು! ತೋಟದ ಬಾಗಿಲಲ್ಲಿ ಸಿಗುವ ಬೆಲೆಯೂ ಬಹುಪಾಲು ಅತ್ತಿಗೆಯ ಕಾಲಿನ ಸಂಪಾದನೆಯೇ. ಬೇಡವೆಂದರೆ ಮೂಟೆ ಹೊತ್ತು ಸಂತೆಗೆ ಹೋಗಬಲ್ಲಳು ಎಂಬ ಭಯ ಇರುವವರೆಗೆ ಮಾತ್ರ ಬಾಗಿಲಿಗೆ ಬಂದವನು ಮರ್ಯಾದೆಯ ಬೆಲೆ ಹೇಳುತ್ತಾನೆ. ಬೇವಿನ ಮರದ ಬುಡದ ಮೂರನೆಯ ಜಾಗ ಹೋಯಿತೆಂದು ಗೊತ್ತಾದ ದಿನ ಅವನ ತಕ್ಕಡಿಯೂ ನಾಲಗೆಯೂ ಒಟ್ಟಿಗೆ ತಿರುಗುತ್ತವೆ. ಅವನು ಕೆಟ್ಟವನೆಂದಲ್ಲ, ಗಾಡಿ ಬಾಡಿಗೆ, ಕೊಳೆತ ಕಾಯಿ, ಮುಂದಿನ ಮಂಡಿಯ ಕಮಿಷನ್ನು ಅವನಿಗೂ ಇವೆ. ಆದರೆ ಅವನ ವ್ಯಾಪಾರದಲ್ಲಿ ಕೊಸರೆಂಬ ಮಾತಿಗೆ ಜಾಗವಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2024ರ ಅಕ್ಟೋಬರಿನಲ್ಲಿ ರಿಜರ್ವ್ ಬ್ಯಾಂಕು ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಗ್ರಾಹಕ ಕೊಡುವ ನೂರು ರೂಪಾಯಿಯಲ್ಲಿ ಬೆಳೆದವನಿಗೆ ಮುಟ್ಟುವುದು ಟೊಮೆಟೊದಲ್ಲಿ ಸುಮಾರು 33, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37 ರೂಪಾಯಿ. ಉಳಿದದ್ದು ದಾರಿಯಲ್ಲಿ ಹಂಚಿಹೋಗುತ್ತದೆ. ಈ ದಾರಿಯನ್ನು ಮೊಟಕು ಮಾಡಲು ಪ್ರಯತ್ನಗಳು ನಡೆಯದೆ ಇಲ್ಲ. ಬೆಂಗಳೂರಿನವರು ಬಲ್ಲ ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು. ಪಂಜಾಬಿನಲ್ಲಿ 1987ರಲ್ಲಿ 'ಅಪ್ನೀ ಮಂಡಿ' ಬಂತು. 1999ರ ಜನವರಿಯಲ್ಲಿ ಆಂಧ್ರದಲ್ಲಿ 'ರೈತು ಬಜಾರ್', ಅದೇ ವರ್ಷದ ನವೆಂಬರಿನಲ್ಲಿ ಮಧುರೆಯಲ್ಲಿ ತಮಿಳುನಾಡಿನ ಮೊದಲ 'ಉಳವರ್ ಸಂದೈ' ತೆರೆದವು. ಬೆಳೆದವನೇ ತಂದು ಮಾರಬೇಕು, ನಡುವೆ ಯಾರೂ ಇರಬಾರದು ಎಂಬುದು ಈ ಕೊನೆಯ ಮೂರರ ನಿಯಮ. ಆ ನಿಯಮವನ್ನು ನಮ್ಮ ಹಳ್ಳಿಯ ಹೆಂಗಸರು ಯಾವ ಯೋಜನೆಯೂ ಇಲ್ಲದೆ ಗೋಣಿಚೀಲದ ಮೇಲೆ ಕುಳಿತು ಪಾಲಿಸಿಕೊಂಡು ಬಂದಿದ್ದಾರೆ. 'ಸಂದೈ' ಎಂಬುದೂ ನಮ್ಮ ಸಂತೆಯ ತಂಗಿಯೇ.

ಮತ್ತೋಡಿನ ಮಟ್ಟಿಗೆ ಈ ಪಾಠ ಹಳೆಯದು. ಈ ಊರು ಒಂದು ಕಾಲದಲ್ಲಿ ಗಾಜಿನ ಬಳೆಗೆ ಹೆಸರಾಗಿತ್ತು. ಟಿಪ್ಪುವಿನ ಪತನದ ಬೆನ್ನಿಗೆ, 1800–01ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೂ ಬಂದು ಬಳೆಯ ಕುಲುಮೆಗಳನ್ನು ನೋಡಿ ಬರೆದಿದ್ದಾನೆ. ಅವನ ಪುಸ್ತಕ ಲಂಡನ್ನಿನಲ್ಲಿ 1807ರಲ್ಲಿ ಅಚ್ಚಾಯಿತು. ಈ ನೆಲದ ಸವುಳು ಮಣ್ಣು, ಬೆಣಚುಕಲ್ಲಿನ ಪುಡಿ ಇವೇ ಆ ಗಾಜಿಗೆ ಮೂಲವಸ್ತು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಳೆಗಳು ಇಲ್ಲಿ ಆಗುತ್ತಿದ್ದವು. ಇಂದು ಆ ಕುಲುಮೆಗಳಿಲ್ಲ. ಮಣ್ಣು ಇಲ್ಲೇ ಇದೆ, ಕಲ್ಲೂ ಇಲ್ಲೇ ಇದೆ. ನಮ್ಮ ಸಂತೆಯ ಕೊನೆಯ ಸಾಲಿನಲ್ಲಿ ಬಳೆಗಾರ ಮಲಾರ ಹರಡಿ ಕೂರುತ್ತಾನೆ. ಬಳೆ ಎಲ್ಲಿಯದೆಂದು ಕೇಳಿದೆ. "ಫಿರೋಜಾಬಾದಿಂದು ಸ್ವಾಮಿ" ಎಂದ. ಒಂದು ಊರು ತನ್ನ ಸರಕಿನ ಸಂತೆಯನ್ನು ಕಳೆದುಕೊಂಡರೆ, ಸ್ವಲ್ಪ ಕಾಲದ ಮೇಲೆ ಆ ಸರಕನ್ನು ಕೊಳ್ಳುವುದಕ್ಕಾಗಿಯೇ ಸಂತೆಗೆ ಹೋಗಬೇಕಾಗುತ್ತದೆ.

ನಾಲ್ಕನೆಯ ಸಂತೆ ಕಳೆದ ಮೇಲೆ ಅಣ್ಣನ ಮಗ ಊರಿಗೆ ಬಂದ. ಮೂವರೂ ಜಗಲಿಯ ಮೇಲೆ ಕುಳಿತೆವು. ನಾನು ಎರಡೂ ಲೆಕ್ಕಗಳನ್ನು ಮುಂದಿಟ್ಟೆ, ಜ್ವರದ ವಾರದ ಕ್ಯಾಲೆಂಡರು ಹಾಳೆಯನ್ನೂ ತೋರಿಸಿದೆ. ಅವನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದ. ಕೊನೆಗೆ, "ಅದೆಲ್ಲ ಸರಿ ಚಿಕ್ಕಪ್ಪ, ಆದರೆ ಅಮ್ಮನ ಮಂಡಿನೋವು ಈ ಲೆಕ್ಕದಲ್ಲಿ ಎಲ್ಲಿದೆ?" ಎಂದ. ಈ ಪ್ರಶ್ನೆಗೂ ನನ್ನ ಬಳಿ ಉತ್ತರವಿರಲಿಲ್ಲ. ಎಲ್ಲ ಲೆಕ್ಕವೂ ಮುಗಿದ ಮೇಲೆ ಉಳಿಯುವುದು ಇಂಥ ಒಂದು ಶೇಷವೇ. ಅತ್ತಿಗೆ ಮಾತ್ರ ಮಗನ ತಲೆಯನ್ನೊಮ್ಮೆ ನೇವರಿಸಿ, "ಮಂಡಿ ನೋಯುತ್ತದೆ, ನಿಜ. ಮನೆಯಲ್ಲಿ ಕೂತರೂ ನೋಯುತ್ತದೆ. ಅಲ್ಲಾದರೆ ನಾಲ್ಕು ಜನ ಕೇಳುತ್ತಾರೆ" ಎಂದರು.

ತೀರ್ಪನ್ನು ಅವರೇ ಕೊಟ್ಟರು. ಸಂತೆ ಬಿಡುವುದಿಲ್ಲ; ಆದರೆ ಹೊರುವಷ್ಟೇ ಒಯ್ಯುವುದು. ಮಿಕ್ಕದ್ದು ತೋಟದ ಬಾಗಿಲಲ್ಲೇ ವ್ಯಾಪಾರಿಗೆ. ಮೂಟೆ ಎತ್ತಿ ಇಳಿಸುವುದಕ್ಕೆ ಪಕ್ಕದ ಮನೆಯ ಹುಡುಗನನ್ನು ಕರೆಯುವುದು. ಅವನ ಕೂಲಿ ಮಗನದು. ನೆಲದ ಮೇಲೆ ಕೂರುವ ಬದಲು ಒಂದು ಗಿಡ್ಡ ಮಣೆ. ಮರುವಾರ ವ್ಯಾಪಾರಿ ಬಂದಾಗ ಅತ್ತಿಗೆ ಮಿಕ್ಕ ಬದನೆಗೆ ಹದಿನಾಲ್ಕು ಹೇಳಿದರಂತೆ. ಅವನು ಹನ್ನೆರಡು ಎಂದನಂತೆ. "ಹಾಗಾದರೆ ಸಂತೆಗೇ ಒಯ್ಯುತ್ತೇನೆ, ಹುಡುಗ ಇದ್ದಾನೆ" ಎಂದು ಇವರು ಮೂಟೆಯ ಕಡೆ ತಿರುಗಿದ್ದೇ ತಡ, ಹದಿನಾಲ್ಕಕ್ಕೆ ಕುದುರಿತಂತೆ. ಎರಡು ಕೊಸರುಗಳ ನೆಂಟಸ್ತಿಕೆ ನನಗೆ ಕಂಡದ್ದು ಇಲ್ಲಿ. ವಾರವಾರವೂ ಸಂತೆಯಲ್ಲಿ ಕುಳಿತು ಹಿಡಿ ಹಿಡಿ ಕೊಸರು ಹಾಕುತ್ತಾ ಬಂದವಳಿಗೆ ಮಾತ್ರ ಹಿಡಿದವನ ಹಿಡಿತದಿಂದ ಕೊಸರಿಕೊಳ್ಳುವ ಬಲ ಇರುತ್ತದೆ.

ಪೇಟೆಯ ಓದುಗರಿಗೆ ನನ್ನದೊಂದು ಬಿನ್ನಹ. ನಿಮ್ಮ ಬೀದಿಗೂ ಗಾಡಿ ಬರುತ್ತದೆ, ನಿಮ್ಮ ಬಡಾವಣೆಯಲ್ಲೂ ವಾರಕ್ಕೊಮ್ಮೆ ಸಂತೆ ಕೂಡಬಹುದು. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಚೀಟಿ ಅಂಟಿಸಿದ ಬೆಲೆಗೆ ತುಟಿಪಿಟಕ್ಕೆನ್ನದೆ ದುಡ್ಡು ಕೊಟ್ಟು ಬರುವ ನಾವು, ಗೋಣಿಯ ಮೇಲೆ ಕುಳಿತವಳ ಮುಂದೆ ಐದು ರೂಪಾಯಿಗೆ ವಾಗ್ಮಿಗಳಾಗುತ್ತೇವೆ. ಬೆಲೆಯನ್ನು ಅವಳೇ ಹೇಳಲಿ. ಕೊಸರನ್ನು ಬೇಕಾದರೆ ಧಾರಾಳವಾಗಿ ಕೇಳಿ. ಕೇಳಿದರೆ ಅವಳಿಗೆ ಸಂತೋಷವೇ. ಅಂಗಡಿಯ ತಕ್ಕಡಿ ಎಷ್ಟೇ ನಿಖರವಾಗಿದ್ದರೂ ಮುಳ್ಳು ನಿಂತಲ್ಲಿಗೆ ಅದರ ಕೆಲಸ ಮುಗಿಯಿತು. ಅದರಾಚೆಗೆ ಇನ್ನೊಂದು ಹಿಡಿ ಹಾಕಲು ಒಂದು ಕೈ ಬೇಕು.